ಕರಾವಳಿಯ ಹಳೆಯ ಕಾರುಗಳು: ಒಳಗಿನ ಹ್ಯಾಂಡಲ್ ಮತ್ತು ಡೋರ್ ಪ್ಯಾಡ್ ಬಿಚ್ಚುವ ಬಗೆ

ಹಳೆಯ ಕಾರಿನ ಬಾಗಿಲ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತೆಂದರೆ ತುಕ್ಕು ಅಲ್ಲಿ ಶುರುವಾಗಿದೆ ಎಂದಲ್ಲ, ಒಳಗಿನಿಂದ ತಗಡನ್ನು ತಿಂದು ಮುಗಿಸಿ ಹೊರಗೆ ಬಂದಿದೆ ಎಂದರ್ಥ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಅಂಬಾಸಿಡರ್, ಪದ್ಮಿನಿಗಳನ್ನು ಉಳಿಸಿಕೊಂಡವರು ಎಂಜಿನ್ನಿಗೆ ಕೊಡುವ ಗಮನದ ಕಾಲುಭಾಗವನ್ನು ಬಾಗಿಲಿಗೆ ಕೊಟ್ಟರೂ ಸಾಕು, ಕಾರಿನ ಆಯುಸ್ಸು ಹತ್ತಾರು ವರ್ಷ ಹೆಚ್ಚುತ್ತದೆ. ಅದಕ್ಕೆ ಬಾಗಿಲಿನ ಒಳಮೈಯ ಹೊದಿಕೆಯನ್ನು, ಅಂದರೆ ಗ್ಯಾರೇಜಿನವರು ಡೋರ್ ಪ್ಯಾಡ್ ಎನ್ನುವ ಹಲಗೆಯನ್ನು, ಮಳೆಗಾಲಕ್ಕೆ ಮುಂಚೆ ಒಮ್ಮೆ ಬಿಚ್ಚಿ ನೋಡಬೇಕು. ತಡೆಯುವುದು ಒಂದೇ ಹೆದರಿಕೆ: ಗ್ಲಾಸ್ ಏರಿಸುವ ಹ್ಯಾಂಡಲ್ ಹೇಗೆ ಕಳಚುತ್ತದೆಂದು ಗೊತ್ತಿಲ್ಲದೆ ಎಳೆದರೆ ಮುರಿಯುತ್ತದೆ, ಮುರಿದರೆ ಸಿಗುವುದಿಲ್ಲ. ಹೆದರಿಕೆ ಸುಳ್ಳಲ್ಲ. ಆದರೆ ಹ್ಯಾಂಡಲ್ ಕೂರಿಸುವ ಬಗೆಗಳು ಹೆಚ್ಚೆಂದರೆ ಮೂರು. ಅವನ್ನು ತಿಳಿದುಕೊಂಡರೆ ಕೆಲಸ ಮನೆಯಂಗಳದಲ್ಲೇ ಆಗುತ್ತದೆ.

ಬಾಗಿಲಿನೊಳಗೆ ಏನಿದೆ

ಕಾರಿನ ಬಾಗಿಲು ಎರಡು ತಗಡುಗಳ ನಡುವಿನ ಟೊಳ್ಳು. ಹೊರ ತಗಡಿನ ಅಂಚನ್ನು ಒಳ ತಗಡಿನ ಮೇಲೆ ಮಡಚಿ ಒತ್ತಿರುತ್ತಾರೆ. ಈ ಮಡಿಕೆಯೇ ಕೆಳಗಡೆ ತುಕ್ಕಿನ ಮನೆ. ಒಳ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿದ್ದು, ಅವುಗಳ ಮೂಲಕ ಕೈ ಹಾಕಿದರೆ ಗ್ಲಾಸನ್ನು ಏರಿಸಿ ಇಳಿಸುವ ಮೆಷಿನ್, ಅದರ ಹಲ್ಲುಚಕ್ರ ಮತ್ತು ತೋಳು, ಗ್ಲಾಸು ಕೂತ ಕೆಳ ಚಾನಲ್, ಲಾಕು, ಲಾಕಿನಿಂದ ಒಳ ಹ್ಯಾಂಡಲ್‌ವರೆಗೆ ಬರುವ ಕಂಬಿ ಎಲ್ಲ ಸಿಗುತ್ತವೆ. ತೂತುಗಳ ಮೇಲೆ ಮೇಣ ಸವರಿದ ಕಾಗದ ಅಥವಾ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡ್, ಕೊನೆಗೆ ಹ್ಯಾಂಡಲ್‌ಗಳು.

ಬಾಗಿಲಿನೊಳಗೆ ನೀರು ಬರಲೇಬಾರದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಗ್ಲಾಸಿನ ಹೊರಮೈ ಮೇಲೆ ಇಳಿಯುವ ಮಳೆನೀರನ್ನು ಗ್ಲಾಸಿನ ಬುಡದ ರಬ್ಬರ್ ಪಟ್ಟಿ, ಅಂದರೆ ಸೊಂಟದ ಬೀಡಿಂಗ್, ಪೂರ್ತಿ ತಡೆಯಲಾರದು. ಉಳಿದ ನೀರು ಟೊಳ್ಳಿನೊಳಗೆ ಇಳಿದು ತಳದ ಸಣ್ಣ ತೂತುಗಳಿಂದ ಹೊರಗೆ ಹೋಗಬೇಕೆಂದೇ ಬಾಗಿಲನ್ನು ಹಾಗೆ ಮಾಡಿದ್ದಾರೆ. ನೀರು ಬರುವುದು ದೋಷವಲ್ಲ, ನಿಲ್ಲುವುದು ದೋಷ. ತೂತು ಕಟ್ಟಿಕೊಂಡರೆ ನೀರು ಮಡಿಕೆಯಲ್ಲಿ ಕೂರುತ್ತದೆ. ಒಳಗಿನ ಹಾಳೆ ಹರಿದಿದ್ದರೆ ಅದೇ ನೀರು ಹಾರ್ಡ್‌ಬೋರ್ಡಿಗೆ ಸಿಡಿಯುತ್ತದೆ, ಬೋರ್ಡು ಉಬ್ಬಿ ಕೆಳಗಡೆ ಹೊಟ್ಟೆ ಬಿಡುತ್ತದೆ, ಕ್ಲಿಪ್ಪುಗಳು ಬೋರ್ಡಿನಿಂದ ಕಿತ್ತು ಬರುತ್ತವೆ, ಕಾಲಡಿಯ ಮ್ಯಾಟು ಒದ್ದೆಯಾಗಿ ನೆಲದ ತಗಡೂ ಹೋಗುತ್ತದೆ. ಮ್ಯಾಟು ಒದ್ದೆಯಾಯಿತೆಂದು ಗಾಜಿನ ರಬ್ಬರನ್ನು ಬದಲಿಸುತ್ತ ಹೋಗುವವರು ಒಮ್ಮೆ ಪ್ಯಾಡಿನ ಹಿಂದಿನ ಹಾಳೆಯನ್ನು ನೋಡಬೇಕು.

ಇಲ್ಲಿನ ಮಳೆ, ಉಪ್ಪು, ಕೆಂಪು ಧೂಳು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಘಟ್ಟದ ಬುಡದಲ್ಲಿರುವ ಕಾರ್ಕಳಕ್ಕೆ ಕಡಲ ಬದಿಯ ಊರುಗಳಿಗಿಂತ ಹೆಚ್ಚು. ಆಟಿ ತಿಂಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದ ದಿನಗಳಿರುತ್ತವೆ. ಆಗ ಶೆಡ್ಡಿನಲ್ಲಿ ನಿಂತ ಕಾರಿನ ಬಾಗಿಲೂ ಒಳಗಿಂದ ಒಣಗುವುದಿಲ್ಲ. ಕಾಪುವಿನಂತೆ ಕಡಲಿಗೆ ಅಂಟಿಕೊಂಡ ಊರಿನಲ್ಲಿ ಗಾಳಿಯ ಉಪ್ಪೂ ಸೇರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿ ತಗಡಿನ ಮೇಲೆ ಹಿಡಿದಿಡುವುದರಿಂದ ಮಳೆಯಿಲ್ಲದ ಜನವರಿಯಲ್ಲೂ ತುಕ್ಕಿನ ಕೆಲಸ ನಿಲ್ಲುವುದಿಲ್ಲ. 1901ರಿಂದ ಕಡಲಂಚಿನ ಬಂಡೆಯ ಮೇಲೆ ನಿಂತಿರುವ ಕಾಪು ದೀಪಸ್ತಂಭದ ಸುತ್ತಮುತ್ತಲ ಮನೆಗಳಲ್ಲಿ ಕಿಟಕಿಯ ಕಬ್ಬಿಣದ ಸರಳುಗಳನ್ನು ನೋಡಿದರೆ ಕಾರಿನ ಪಾಡು ಏನೆಂದು ತಿಳಿಯುತ್ತದೆ.

ಮಣಿಪಾಲದ ಗುಡ್ಡದ ಸಮಸ್ಯೆ ಬೇರೆ. ಮುರಕಲ್ಲಿನ ಕೆಂಪು ಧೂಳು ಬೇಸಗೆಯಲ್ಲಿ ಬೀಡಿಂಗ್ ದಾಟಿ ಬಾಗಿಲೊಳಗೆ ಇಳಿಯುತ್ತದೆ, ಮೊದಲ ಮಳೆಗೆ ಕೆಸರಾಗಿ ತಳದ ತೂತುಗಳನ್ನು ಮುಚ್ಚುತ್ತದೆ. ಹಲಸಿನ ಮರದಡಿ ನಿಲ್ಲಿಸಿದ ಕಾರಾದರೆ ಎಲೆಯ ಚೂರು, ಕಣಜದ ಮಣ್ಣಿನ ಗೂಡು ಕೂಡ ಸಿಗುತ್ತವೆ. ಹೀಗಾಗಿ ಈ ಭಾಗದಲ್ಲಿ ಬಾಗಿಲು ಬಿಚ್ಚಿ ನೋಡಲು ಸರಿಯಾದ ಗಡುವು ಪತ್ತನಾಜೆ. ಮೇ ತಿಂಗಳ ಕೊನೆಯ ವಾರಕ್ಕೆ ಬರುವ ಆ ದಿನ ತುಳುನಾಡಿನಲ್ಲಿ ಕೋಲ, ಮೇಳಗಳ ತಿರುಗಾಟ ಎಲ್ಲ ಮುಗಿದು ಮಳೆಗೆ ಸಜ್ಜಾಗುವ ಹೊತ್ತು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಹಾರ್ಡ್‌ಬೋರ್ಡು ಒಣಗಿ ಗಟ್ಟಿಯಾಗಿರುತ್ತದೆ, ರೆಕ್ಸಿನ್ ಮೆತ್ತಗಾಗಿ ಬಾಗುತ್ತದೆ. ಜುಲೈಯಲ್ಲಿ ಅದೇ ಪ್ಯಾಡನ್ನು ಎಳೆದರೆ ಒದ್ದೆ ಬೋರ್ಡು ಕ್ಲಿಪ್ಪಿನ ಸುತ್ತ ಹರಿದು ಕೈಗೆ ಬರುತ್ತದೆ.

ಈ ಭಾಗದಲ್ಲಿ ಉಳಿದಿರುವ ಕಾರುಗಳು

ಮೊದಲ ಹೆಸರು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸಿತು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹೆಸರು ಬದಲಾದರೂ ಬಾಗಿಲಿನ ಮೂಲ ಆಕಾರ ಹೆಚ್ಚು ಬದಲಾಗಲಿಲ್ಲ. ಟೂರಿಸ್ಟ್ ಕಾರು ಎಂದು ಬಾಡಿಗೆಗೆ ಓಡಿದವೂ ಇವೇ, ಆಗುಂಬೆಯ 14 ತಿರುವುಗಳನ್ನು ಕುಟುಂಬ ಸಮೇತ ಏರಿದವೂ ಇವೇ. ಬಾಡಿಗೆ ಓಡಿದ ಕಾರಿನ ಬಾಗಿಲನ್ನು ಅದೆಷ್ಟು ಕೈಗಳು ಬಿಚ್ಚಿವೆಯೋ ಹೇಳಲಾಗದು. ನಾಲ್ಕು ಬಾಗಿಲಿಗೆ ನಾಲ್ಕು ಥರದ ಹ್ಯಾಂಡಲ್ ಇದ್ದರೂ ಆಶ್ಚರ್ಯವಿಲ್ಲ.

ಎರಡನೆಯದು ಫಿಯಟ್. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ಫಿಯಟ್ 1100 ಡಿ ಮಾದರಿಯನ್ನು ತಯಾರಿಸಿತು. ಅದೇ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಅದಕ್ಕೂ ಹಿಂದಿನ ಫಿಯಟ್ 1100ಗಳಲ್ಲಿ ಮುಂದಿನ ಬಾಗಿಲಿನ ಕೀಲು ಹಿಂಬದಿಗಿದ್ದು ಬಾಗಿಲು ತಿರುಗುಮುರುಗಾಗಿ ತೆರೆಯುತ್ತಿತ್ತು. ಮುಂಬಯಿಯಲ್ಲಿ ನೆಂಟರಿಲ್ಲದ ಮನೆ ನಮ್ಮ ಕಡೆ ಕಡಿಮೆ. ಹೋಟೆಲು, ಬ್ಯಾಂಕು ಎಂದು ಅಲ್ಲಿ ದುಡಿದು ಊರಿಗೆ ಮರಳಿದವರ ಜೊತೆ ಪದ್ಮಿನಿಗಳೂ ಮರಳಿದವು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿದ ಮೇಲೆ ಹ್ಯಾಂಡಲು, ಬೀಡಿಂಗು, ಕ್ಲಿಪ್ಪುಗಳ ಹುಡುಕಾಟ ಇನ್ನಷ್ಟು ಕಷ್ಟವಾಗಿದೆ. ಆದ್ದರಿಂದ ಇರುವುದನ್ನು ಮುರಿಯದೆ ಬಿಚ್ಚುವುದೇ ಮೊದಲ ಉಳಿತಾಯ.

ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಪರೂಪಕ್ಕೆ ಕಾಣುತ್ತದೆ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಮೊದಲ ಮಾದರಿಯನ್ನು ಈಗ ಹಳೆಯ ಕಾರುಗಳ ಸಾಲಿಗೆ ಸೇರಿಸಲೇಬೇಕು, ನಾಲ್ಕು ದಶಕ ಕಳೆದಿದೆ. ಇನ್ನೂ ಹಳೆಯ, ಪರದೇಶದ ಕಾರುಗಳ ಬಾಗಿಲು ಹೇಗಿರುತ್ತಿತ್ತು ಎಂದು ನೋಡಬೇಕೆನ್ನುವವರು ಕಾರ್ಕಳದಿಂದ ಬಜಗೋಳಿ, ನಾರಾವಿ ದಾರಿಯಾಗಿ ಧರ್ಮಸ್ಥಳಕ್ಕೆ ಹೋಗಿ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳನ್ನು ನೋಡಬಹುದು. ಧರ್ಮಸ್ಥಳದ ಸಂಗ್ರಹದ ಮತ್ತಷ್ಟು ಕಾರುಗಳು ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿವೆ. ಮುಟ್ಟುವಂತಿಲ್ಲ, ಆದರೆ ಗಾಜಿನ ಹೊರಗಿಂದ ಹ್ಯಾಂಡಲ್‌ನ ಬುಡವನ್ನು ಗಮನಿಸಲು ಅಡ್ಡಿಯಿಲ್ಲ.

ಕೈ ಹಾಕುವ ಮೊದಲು

ಗ್ಲಾಸನ್ನು ಪೂರ್ತಿ ಮೇಲೇರಿಸಿ. ಹಾಗೆ ಮಾಡಿದರೆ ಒಳಗೆ ಕೈಯಾಡಿಸಲು ಜಾಗ ಸಿಗುತ್ತದೆ, ಹ್ಯಾಂಡಲ್ ಯಾವ ದಿಕ್ಕಿಗೆ ನಿಂತಿತ್ತೆಂಬುದಕ್ಕೆ ಒಂದು ಗೊತ್ತಾದ ಗುರುತೂ ಆಗುತ್ತದೆ. ಆ ಸ್ಥಿತಿಯಲ್ಲಿ ಎರಡೂ ಬದಿಯ ಬಾಗಿಲುಗಳ ಫೋಟೊ ತೆಗೆದುಕೊಳ್ಳಿ. ಹ್ಯಾಂಡಲ್‌ನ ನಡುವಿನ ಚೌಕ ಅಥವಾ ಹಲ್ಲುಗಳಿರುವ ಕಂಬಿಯ ಮೇಲೆ ಅದನ್ನು ಹಲವು ದಿಕ್ಕಿಗೆ ಕೂರಿಸಬಹುದು. ತಪ್ಪು ದಿಕ್ಕಿಗೆ ಕೂತರೆ ಕಾಲಿಗೆ ತಾಗುತ್ತದೆ, ನೋಡಲೂ ವಿಕಾರ.

ಒಂದೊಂದು ಬಾಗಿಲಿನ ಸ್ಕ್ರೂ, ಪಿನ್ನು, ಸ್ಪ್ರಿಂಗುಗಳಿಗೆ ಒಂದೊಂದು ಡಬ್ಬಿ ಇರಲಿ. ಅಂಬಾಸಿಡರ್‌ಗೆ ಇಂಚಿನ ಅಳತೆಯ ಸ್ಪ್ಯಾನರ್ ಬೇಕು, ಫಿಯಟ್ ಮೂಲದ ಪದ್ಮಿನಿಗೆ ಮಿಲಿಮೀಟರ್ ಅಳತೆಯದು. ಹತ್ತಿರ ಹತ್ತಿರ ಸರಿಹೋಗುವ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ಉಜ್ಜುವುದು ಹಳೆಯ ಕಾರಿಗೆ ಮಾಡುವ ದೊಡ್ಡ ಅನ್ಯಾಯ. ಕೈಗೆ ಗವಸು ಹಾಕಿ; ಒಳ ತಗಡಿನ ತೂತುಗಳ ಅಂಚು ಬ್ಲೇಡಿನಷ್ಟು ಹರಿತ. ಒಂದೇ ಬಾಗಿಲನ್ನು ಬಿಚ್ಚಿ, ಎದುರು ಬದಿಯ ಬಾಗಿಲನ್ನು ಮಾದರಿಗಾಗಿ ಹಾಗೇ ಬಿಡುವುದು ಒಳ್ಳೆಯದು.

ಹ್ಯಾಂಡಲ್ ಕಳಚುವುದು

ಪಿನ್ನಿನ ಬಗೆ. 1950, 60ರ ದಶಕದ ಬ್ರಿಟಿಷ್ ಮೂಲದ ಕಾರುಗಳಲ್ಲಿ ಇದು ಸಾಮಾನ್ಯ. ಹೆರಾಲ್ಡ್‌ನದು ಇದೇ, ಹಳೆಯ ಅಂಬಾಸಿಡರ್‌ನಲ್ಲೂ ಮೊದಲು ಹುಡುಕಬೇಕಾದದ್ದು ಇದನ್ನೇ. ಹ್ಯಾಂಡಲ್‌ನ ಕುತ್ತಿಗೆ ಕಂಬಿಯ ಮೇಲೆ ಕೂತಿರುತ್ತದೆ, ಇವೆರಡನ್ನೂ ಅಡ್ಡಲಾಗಿ ಹಾದು ಒಂದು ಸಣ್ಣ ಪಿನ್ನು ಹಿಡಿದಿರುತ್ತದೆ. ಹೊರಗೆ ಅದು ಕಾಣುವುದಿಲ್ಲ, ಏಕೆಂದರೆ ಹ್ಯಾಂಡಲ್‌ನ ಬುಡದಲ್ಲಿರುವ ಬಟ್ಟಲಿನಾಕಾರದ ವಾಷರನ್ನು ಹಿಂದಿನಿಂದ ಒಂದು ಸ್ಪ್ರಿಂಗ್ ಒತ್ತಿ ಕುತ್ತಿಗೆಗೆ ಮುಚ್ಚಳ ಮಾಡಿರುತ್ತದೆ. ವಾಷರನ್ನು ಪ್ಯಾಡಿನ ಕಡೆಗೆ ಬಲವಾಗಿ ಒತ್ತಿದರೆ ಕುತ್ತಿಗೆ ಬಯಲಾಗಿ ಪಿನ್ನಿನ ತಲೆ ಕಾಣುತ್ತದೆ.

ಇಲ್ಲಿ ಇಬ್ಬರು ಬೇಕು. ಒಬ್ಬರು ತೆಳು ಹಲಗೆಯ ತುಂಡಿನಲ್ಲಿ ಕವಲು ಮಾಡಿಕೊಂಡು ಅದರಿಂದ ವಾಷರನ್ನು ಸಮನಾಗಿ ಒತ್ತಿ ಹಿಡಿಯಬೇಕು. ಬೆರಳಿನಿಂದ ಒತ್ತಿದರೆ ಒಂದು ಬದಿ ಏರಿ ಪಿನ್ನು ಮರೆಯಾಗುತ್ತದೆ. ಇನ್ನೊಬ್ಬರು ಮೊಂಡು ತುದಿಯ ತೆಳು ಪಂಚಿನಿಂದ ಪಿನ್ನನ್ನು ನೂಕಬೇಕು. ಸರಿಯಾದ ಪಂಚ್ ಇಲ್ಲದಿದ್ದರೆ ತುದಿ ತೇಯ್ದ ಮೊಳೆ ಸಾಕು. ಕೆಲವು ಪಿನ್ನುಗಳು ಒಂದು ತುದಿಯಲ್ಲಿ ಸಪೂರವಾಗಿರುತ್ತವೆ. ಅಂಥವನ್ನು ಸಪೂರ ತುದಿಯಿಂದಲೇ ನೂಕಬೇಕು. ಎದುರು ದಿಕ್ಕಿನಿಂದ ಬಡಿದರೆ ಇನ್ನೂ ಬಿಗಿಯಾಗುತ್ತದೆ. ಯಾವ ಕಡೆಯದು ಸಪೂರ ಎಂದು ಟಾರ್ಚು ಹಿಡಿದು ಎರಡೂ ಬದಿ ನೋಡುವಷ್ಟು ತಾಳ್ಮೆ ಇರಲಿ.

ತುಕ್ಕು ಹಿಡಿದ ಪಿನ್ನು ಒಮ್ಮೆಗೇ ಬರುವುದಿಲ್ಲ. ಪ್ಯಾಡಿಗೆ ರಟ್ಟು ಅಡ್ಡ ಇಟ್ಟು, ತುಕ್ಕು ಬಿಡಿಸುವ ಎಣ್ಣೆಯನ್ನು ಒಂದೆರಡು ಹನಿ ಬಿಟ್ಟು ಮರುದಿನಕ್ಕೆ ಬಿಡಬೇಕು. ಸುತ್ತಿಗೆಗೆ ಅವಸರ ಬೇಡ. ಆ ಕಾಲದ ಹ್ಯಾಂಡಲ್‌ಗಳು ಹೆಚ್ಚಾಗಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮೇಲೆ ಕ್ರೋಮ್ ಕೊಟ್ಟವು. ನೋಡಲು ಉಕ್ಕಿನಂತೆ ಹೊಳೆದರೂ ಪೆಟ್ಟಿಗೆ ಬಾಗದೆ ನೇರವಾಗಿ ಒಡೆಯುತ್ತವೆ. ಬಡಿಯಲೇಬೇಕಾದರೆ ಕುತ್ತಿಗೆಯ ಅಡಿಗೆ ಮರದ ತುಂಡು ಆನಿಸಿ, ಪೆಟ್ಟಿನ ಬಲ ಕಂಬಿಗೂ ಮೆಷಿನ್ನಿಗೂ ಹೋಗದಂತೆ ನೋಡಿಕೊಂಡು, ಮೆಲ್ಲಗೆ ಬಡಿಯಬೇಕು.

ಕ್ಲಿಪ್ಪಿನ ಬಗೆ. ಮಾರುತಿ 800 ಸೇರಿ ಜಪಾನಿ ಮೂಲದ ಬಹಳಷ್ಟು ಕಾರುಗಳದು ಇದು. ಅಮೆರಿಕದ ಹಳೆಯ ಕಾರುಗಳಲ್ಲೂ ಇದೇ ಇದ್ದು, ಅಲ್ಲಿ ಇದಕ್ಕೆಂದೇ ಕವಲು ತುದಿಯ ಚಪ್ಪಟೆ ಉಪಕರಣ ಸಿಗುತ್ತದೆ. ಕುದುರೆ ಲಾಳದಾಕಾರದ ಸ್ಪ್ರಿಂಗ್ ಕ್ಲಿಪ್ಪೊಂದು ಹ್ಯಾಂಡಲ್‌ನ ಕುತ್ತಿಗೆಯ ಸೀಳಿನೊಳಗೆ ಕೂತು ಕಂಬಿಯ ತೋಡನ್ನು ಹಿಡಿದಿರುತ್ತದೆ. ಸ್ಕ್ರೂ ಇಲ್ಲ, ಪಿನ್ನಿಲ್ಲ, ಆದರೂ ಹ್ಯಾಂಡಲ್ ಅಲುಗುವುದಿಲ್ಲ ಎಂದಾದರೆ ಇದೇ ಎಂದು ತಿಳಿಯಿರಿ. ಮೀಟಬೇಡಿ. ಹಳೆಯ ಹತ್ತಿಬಟ್ಟೆಯನ್ನು, ಪಂಚೆಯ ಅಂಚಾದರೂ ಸರಿ, ಉದ್ದಕ್ಕೆ ಹರಿದು ಹ್ಯಾಂಡಲ್‌ಗೂ ಹಿಂದಿನ ಪ್ಲಾಸ್ಟಿಕ್ ವಾಷರಿಗೂ ನಡುವೆ ತೂರಿಸಿ. ಎರಡು ತುದಿಗಳನ್ನು ಬಿಗಿಯಾಗಿ ಹಿಡಿದು ಅತ್ತ ಇತ್ತ ಎಳೆಯುತ್ತ ಹೋದರೆ ಬಟ್ಟೆ ಕ್ಲಿಪ್ಪಿನ ತುದಿಗಳಿಗೆ ಸಿಕ್ಕಿ ಅದನ್ನು ಹೊರಕ್ಕೆ ನೂಕುತ್ತದೆ. ಕ್ಲಿಪ್ಪು ಹಾರಿಯೇ ಹಾರುತ್ತದೆ, ಮೇಲೊಂದು ಟವಲು ಹಿಡಿದಿರಬೇಕು. ಕೆಳಗೆ ಜಲ್ಲಿ ಹಾಸಿದ ಅಂಗಳವಾದರೆ ಬಿದ್ದದ್ದು ಹೋದಂತೆ. ಇಷ್ಟು ಸರಳವಾದ ಉಪಾಯ ಇರುವಾಗ ಸ್ಕ್ರೂ ಡ್ರೈವರ್ ತೂರಿಸಿ ರೆಕ್ಸಿನ್ ಹರಿದುಕೊಂಡ ಬಾಗಿಲುಗಳನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಸ್ಕ್ರೂವಿನ ಬಗೆ. ಹ್ಯಾಂಡಲ್‌ನ ನಡುವೆ ಸ್ಕ್ರೂ ನೇರವಾಗಿ ಕಂಡರೆ ಹೇಳುವುದೇನಿಲ್ಲ. ಕೆಲವದರಲ್ಲಿ ಪ್ಲಾಸ್ಟಿಕ್ಕಿನ ಅಥವಾ ಕ್ರೋಮಿನ ಸಣ್ಣ ಮುಚ್ಚಳದಡಿ ಅಡಗಿರುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಕಾರು ಹಳೆಯ ವರ್ಷಗಳಲ್ಲಿ ಪಿನ್ನಿನಿಂದ ಹೊರಟು 1960ರ ದಶಕದ ಕೊನೆಯ ಹೊತ್ತಿಗೆ ಈ ಮುಚ್ಚಳದ ಸ್ಕ್ರೂವಿಗೆ ಬಂತು. ಮುಚ್ಚಳವನ್ನು ಉಗುರಿನಿಂದ ಎಬ್ಬಿಸಬೇಕು. ಸ್ಕ್ರೂವಿನ ತಲೆಗೆ ಪೂರ್ತಿ ಕೂರುವ ಡ್ರೈವರನ್ನೇ ಬಳಸಬೇಕು.

ಒಂದು ಎಚ್ಚರಿಕೆ: ಕಾರಿನ ಹೆಸರು, ವರ್ಷ ನೋಡಿ ಇದೇ ಬಗೆ ಎಂದು ತೀರ್ಮಾನಿಸಬೇಡಿ. ಹಿಂದೆಂದೋ ಬೇರೆ ಹ್ಯಾಂಡಲ್ ಹಾಕಿರಬಹುದು, ಪಿನ್ನಿನ ಜಾಗದಲ್ಲಿ ವೆಲ್ಡಿಂಗ್ ಕಡ್ಡಿಯ ತುಂಡು ಬಡಿದಿರಬಹುದು. ಮೊದಲು ವಾಷರ್ ಒತ್ತಿ ನೋಡುವುದು, ಆಮೇಲೆ ಟಾರ್ಚು ಬಿಟ್ಟು ಸಂದಿಯಲ್ಲಿ ಕ್ಲಿಪ್ಪು ಹುಡುಕುವುದು, ಕೊನೆಗೆ ಮುಚ್ಚಳ ಇದೆಯೇ ಎಂದು ತಡವುವುದು. ಈ ಮೂರೂ ಆಗುವ ತನಕ ಬಲ ಹಾಕಬಾರದು.

ಪ್ಯಾಡ್ ಬಿಡಿಸುವುದು

ಹ್ಯಾಂಡಲ್‌ಗಳಾದ ಮೇಲೆ ಕೈಯೂರುವ ಆರ್ಮ್‌ರೆಸ್ಟಿನ ಸ್ಕ್ರೂಗಳನ್ನು ಅಡಿಯಿಂದ ನೋಡಿ ಬಿಚ್ಚಬೇಕು. ಬಾಗಿಲ ಮೇಲಂಚಿನಲ್ಲಿ ಲಾಕ್ ಗುಬ್ಬಿ ಇದ್ದರೆ ಅದನ್ನು ತಿರುಪಿ ತೆಗೆಯಬೇಕು. ಪ್ಯಾಡಿನ ಅಂಚಿನಲ್ಲಿ ಬಟ್ಟಲು ವಾಷರಿನೊಂದಿಗೆ ಸ್ಕ್ರೂಗಳಿದ್ದರೆ ಅವು ಮೂಲದಲ್ಲೇ ಇದ್ದವೋ, ಹಿಂದಿನವರು ಕ್ಲಿಪ್ಪು ಮುರಿದು ಹೊಡೆದದ್ದೋ ಎಂದು ನೋಡಿಕೊಳ್ಳಿ. ತಗಡಿಗೆ ಹೊಸದಾಗಿ ಕೊರೆದ ಒಂದೊಂದು ಸ್ಕ್ರೂ ತೂತೂ ತುಕ್ಕಿಗೆ ಹೊಸ ಬಾಗಿಲು.

ಈಗ ಪ್ಯಾಡನ್ನು ಹಿಡಿದಿರುವುದು ಬೋರ್ಡಿನ ಹಿಂಬದಿಗೆ ಸಿಕ್ಕಿಸಿದ ಉಕ್ಕಿನ ಸ್ಪ್ರಿಂಗ್ ಕ್ಲಿಪ್ಪುಗಳು ಮಾತ್ರ. ಅವು ಒಳ ತಗಡಿನ ತೂತುಗಳಿಗೆ ಕಚ್ಚಿಕೊಂಡಿರುತ್ತವೆ. ಕೆಳ ಮೂಲೆಯಿಂದ ಶುರು ಮಾಡಬೇಕು. ಎರಡು ಕ್ಲಿಪ್ಪುಗಳ ನಡುವೆ ಎಲ್ಲೋ ಮೀಟಿದರೆ ಬೋರ್ಡು ಬಾಗಿ ಒಡೆಯುತ್ತದೆ. ಅಂಚಿನಲ್ಲಿ ಸಪೂರ ಅಲಗನ್ನು ಮೆಲ್ಲಗೆ ಜಾರಿಸುತ್ತ ಹೋಗಿ, ಕ್ಲಿಪ್ಪಿಗೆ ತಾಗಿದ ಕಡೆ ಅದರ ಎರಡೂ ಬದಿಗೆ ಆಸರೆ ಕೊಟ್ಟು ಎತ್ತಬೇಕು. ಪೇಂಟಿಂಗ್‌ನವರ ಪಟ್ಟಿ ಕತ್ತಿಗೆ ಟೇಪು ಸುತ್ತಿದರೆ ಆದೀತು. ನನ್ನನ್ನು ಕೇಳಿದರೆ ಅಡಕೆ ಮರದ ಸೀಳು ಅಥವಾ ಬಿದಿರಿನ ಸೀಳನ್ನು ಅಗಲಕ್ಕೆ ಕೆತ್ತಿ ನುಣುಪು ಮಾಡಿಕೊಂಡರೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಬಣ್ಣಕ್ಕೆ ಗೀರು ಬೀಳುವುದಿಲ್ಲ, ಬಲ ಹೆಚ್ಚಾದರೆ ಬೋರ್ಡಿಗಿಂತ ಮೊದಲು ಅದೇ ಬಾಗುತ್ತದೆ.

ಕೆಳಗೆ, ಎರಡು ಬದಿಗೆ ಬಿಟ್ಟ ಮೇಲೆ ಪ್ಯಾಡನ್ನು ಮುಂದಕ್ಕೆ ಎಳೆಯದೆ ಮೇಲಕ್ಕೆ ಎತ್ತಿ ನೋಡಿ. ಕೆಲವು ಬಾಗಿಲುಗಳಲ್ಲಿ ಮೇಲಂಚು ಗ್ಲಾಸಿನ ಬದಿಯ ಸಂದಿಗೆ ಕೊಕ್ಕೆ ಹಾಕಿಕೊಂಡಿರುತ್ತದೆ. ಪ್ಯಾಡು ಬಂದೊಡನೆ ಹ್ಯಾಂಡಲ್ ಕಂಬಿಗಳ ಮೇಲಿದ್ದ ಸ್ಪ್ರಿಂಗುಗಳು ಉದುರುತ್ತವೆ, ಅವನ್ನು ಆಗಲೇ ಡಬ್ಬಿಗೆ ಹಾಕಿ. ನಡುವೆ ಸ್ಪೀಕರ್, ಸೆಂಟ್ರಲ್ ಲಾಕ್ ಎಂದು ಯಾರಾದರೂ ವಯರು ಎಳೆದಿದ್ದರೆ ಎಳೆತಕ್ಕೆ ಮುಂಚೆ ಅದನ್ನು ಬಿಡಿಸಿಕೊಳ್ಳಬೇಕು.

ಪ್ಯಾಡಿನ ಹಿಂದಿನ ಹಾಳೆ

ಬಾಗಿಲಿನ ಎಲ್ಲ ಭಾಗಗಳಲ್ಲಿ ಅಗ್ಗದ್ದು ಇದು, ನನ್ನ ಲೆಕ್ಕದಲ್ಲಿ ಮುಖ್ಯವಾದದ್ದೂ ಇದೇ. ಗ್ಯಾರೇಜಿನಲ್ಲಿ ಒಮ್ಮೆ ಗ್ಲಾಸ್ ಮೆಷಿನ್ ರಿಪೇರಿಗೆಂದು ಹರಿದು ಎಸೆದ ಮೇಲೆ ಮತ್ತೆ ಯಾರೂ ಹಾಕಿರುವುದಿಲ್ಲ. ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಕಾರಿನ ಯಜಮಾನರು ಕೇಳುವುದೂ ಇಲ್ಲ. ಒಳಗೆ ಇಳಿಯುವ ನೀರು ಗ್ಲಾಸಿನಿಂದ ಮೆಷಿನ್ನಿನ ತೋಳಿಗೆ, ತೋಳಿನಿಂದ ಒಳಕ್ಕೆ ಸಿಡಿಯುತ್ತದೆ. ಅದನ್ನು ತಡೆದು ಕೆಳಗೆ ಇಳಿಸುವುದು ಹಾಳೆಯ ಕೆಲಸ.

ಹಳೆಯದು ಒಂದೇ ತುಂಡಾಗಿ ಬಂದರೆ ಅದನ್ನು ಇಟ್ಟು ಗೆರೆ ಎಳೆದು ಹೊಸದನ್ನು ಕತ್ತರಿಸಬಹುದು. ಮೇ ತಿಂಗಳಲ್ಲಿ ಉಡುಪಿಯ, ಕಾರ್ಕಳದ ಪೇಟೆಯ ಅಂಗಡಿಗಳಲ್ಲಿ ಮಳೆಗಾಲಕ್ಕೆಂದು ಸುರುಳಿಗಟ್ಟಲೆ ಟರ್ಪಾಲು, ಪ್ಲಾಸ್ಟಿಕ್ ಶೀಟು ಬಂದಿರುತ್ತದೆ. ಅದರಲ್ಲಿ ದಪ್ಪನೆಯ, ನೇಯ್ಗೆಯಿಲ್ಲದ ಹಾಳೆಯನ್ನು ಆರಿಸಬೇಕು. ಕಂಬಿಗಳಿಗೆ ಬೇಕಾದಷ್ಟೇ ಸಣ್ಣ ತೂತು. ಅಂಚಿಗೆ ಮೆತ್ತಗೇ ಉಳಿಯುವ ಬ್ಯುಟೈಲ್ ಪಟ್ಟಿ ಒಳ್ಳೆಯದು, ಮುಂದೆ ಮತ್ತೆ ಬಿಚ್ಚಲು ಬರುತ್ತದೆ. ರಬ್ಬರ್ ಗಮ್ಮು ಸವರಿದರೆ ಮುಂದಿನ ಸಲ ಹಾಳೆ ಹರಿಯದೆ ಬರುವುದಿಲ್ಲ.

ಎಲ್ಲರೂ ತಪ್ಪುವ ಜಾಗ ಕೆಳ ಅಂಚು. ಹಾಳೆಯ ಕೆಳ ತುದಿ ಒಳ ತಗಡಿನ ಸೀಳಿನ ಮೂಲಕ ಬಾಗಿಲ ಟೊಳ್ಳಿನೊಳಕ್ಕೆ ಹೋಗಿ ಜೋತಿರಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಟೊಳ್ಳಿಗೆ ಬಿದ್ದು ತಳದ ತೂತಿನಿಂದ ಹೋಗುತ್ತದೆ. ಅದೇ ತುದಿಯನ್ನು ತಗಡಿನ ಹೊರಮೈಗೆ ಅಂಟಿಸಿಬಿಟ್ಟರೆ ನೀರು ಪ್ಯಾಡಿನ ಬುಡಕ್ಕೇ ಇಳಿಯುತ್ತದೆ. ಹಾಳೆ ಇಲ್ಲದಿರುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ತುಕ್ಕು, ಮೇಣ, ಮೀನೆಣ್ಣೆ

ಬಾಗಿಲು ತೆರೆದ ಮೇಲೆ ಮೊದಲ ಕೆಲಸ ತಳದ ತೂತುಗಳು. ಬಿದಿರ ಕಡ್ಡಿಯಿಂದ ಹೊರಗಿನಿಂದ ಮೇಲಕ್ಕೆ ಚುಚ್ಚಿ ಕೆಸರನ್ನು ಸಡಿಲಿಸಿ. ಕಬ್ಬಿಣದ ಮೊಳೆ ಬೇಡ, ತೂತಿನ ಅಂಚಿನ ಬಣ್ಣ ಹೋಗುತ್ತದೆ. ಮೇಲಿಂದ ಒಂದು ಚೆಂಬು ನೀರು ಹೊಯ್ದು ಅಷ್ಟೂ ನೀರು ಹೊರಗೆ ಬಂತೇ ಎಂದು ನೋಡಿ. ಕಾಪು, ಮಲ್ಪೆಯ ಕಡೆಯ ಕಾರಾದರೆ ಇನ್ನೂ ಎರಡು ಬಕೆಟ್ ಸಿಹಿನೀರು ಹೊಯ್ಯಬೇಕು, ಉಪ್ಪು ತೊಳೆದು ಹೋಗಲಿ. ಆಮೇಲೆ ಬಾಗಿಲು ತೆರೆದಿಟ್ಟು ಇಡೀ ದಿನ ಬಿಸಿಲಿಗೆ ಒಣಗಿಸಿ.

ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ತುಕ್ಕು ಪರಿವರ್ತಕ ಹಚ್ಚಿದರೆ ಉಳಿದ ತುಕ್ಕು ಗಟ್ಟಿಯಾದ ಫಾಸ್ಫೇಟ್ ಪದರವಾಗುತ್ತದೆ. ಅದರ ಮೇಲೆ ಪ್ರೈಮರ್, ಬಣ್ಣ. ಮಡಿಕೆಯೊಳಕ್ಕೆ ಬ್ರಷ್ಷು ಹೋಗದು. ಅಲ್ಲಿಗೆ ತೆಳುವಾಗಿ ಹರಿದು ಆಮೇಲೆ ಮೇಣವಾಗಿ ಕೂರುವ ಕ್ಯಾವಿಟಿ ವ್ಯಾಕ್ಸ್ ಬೇಕು. ಉದ್ದ ನಳಿಗೆಯಿರುವ ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ. ಸಿಂಪಡಿಸಿದ ಮೇಲೆ ತಳದ ತೂತು ಮೇಣದಿಂದಲೇ ಮುಚ್ಚಿತೇ ಎಂದು ಮತ್ತೆ ನೋಡುವುದನ್ನು ಮರೆಯಬೇಡಿ.

ಸುಟ್ಟ ಎಂಜಿನ್ ಆಯಿಲನ್ನು ಬಾಗಿಲೊಳಗೆ ಹೊಡೆಯುವ ರೂಢಿ ನಮ್ಮಲ್ಲಿ ಹಳೆಯದು. ಅದನ್ನು ಬಿಡಬೇಕು. ಬಳಸಿದ ಎಣ್ಣೆಯಲ್ಲಿ ಆಮ್ಲವೂ ಲೋಹದ ಪುಡಿಯೂ ಇರುತ್ತವೆ, ರಬ್ಬರ್ ಬೀಡಿಂಗ್ ಉಬ್ಬುತ್ತದೆ, ಹಾರ್ಡ್‌ಬೋರ್ಡು ಹೀರಿಕೊಂಡು ರೆಕ್ಸಿನ್ ಮೇಲೆ ಕಲೆಯಾಗುತ್ತದೆ, ಉಳಿದದ್ದು ತಳದ ತೂತಿನಿಂದ ತೊಟ್ಟಿಕ್ಕಿ ಅಂಗಳಕ್ಕೆ, ಅಲ್ಲಿಂದ ಬಾವಿಗೆ.

ಮೀನೆಣ್ಣೆಯ ಮಾತೇ ಬೇರೆ. ಕರಾವಳಿಯಲ್ಲಿ ಮರದ ದೋಣಿಗಳಿಗೆ ಬೂತಾಯಿ ಎಣ್ಣೆ ಬಳಿಯುವುದು ತಲೆತಲಾಂತರದ ಕ್ರಮ. ಕಬ್ಬಿಣಕ್ಕೂ ಅದು ಆಗುತ್ತದೆಂಬುದನ್ನು ವ್ಯಾಪಾರವಾಗಿ ಬೆಳೆಸಿದವರು ರಾಬರ್ಟ್ ಫರ್ಗುಸನ್ ಎಂಬ ಸ್ಕಾಟ್ಲೆಂಡಿನ ಹಡಗಿನ ಕಪ್ತಾನ. ಡೆಕ್ಕಿನ ಮೇಲೆ ಮೀನೆಣ್ಣೆ ಚೆಲ್ಲಿದ ಕಡೆ ತುಕ್ಕು ಮುಂದುವರಿಯದ್ದನ್ನು ಗಮನಿಸಿ, ಅದನ್ನೇ ಆಧಾರವಾಗಿಟ್ಟು 1921ರಲ್ಲಿ ಅಮೆರಿಕದಲ್ಲಿ ರಸ್ಟ್-ಓಲಿಯಂ ಬಣ್ಣದ ಕಂಪನಿ ಕಟ್ಟಿದರು. ಮೀನೆಣ್ಣೆ ಗಾಳಿಗೆ ನಿಧಾನವಾಗಿ ಒಣಗಿ ಪೊರೆ ಕಟ್ಟುತ್ತದೆ, ಅದಕ್ಕೆ ಮುಂಚೆ ತುಕ್ಕಿನ ಸಂದುಗಳಿಗೆ ಇಳಿದಿರುತ್ತದೆ. ಹಾಗೆಂದು ಮಲ್ಪೆಯಿಂದ ಹಸಿ ಎಣ್ಣೆ ತಂದು ಬಾಗಿಲಿಗೆ ಸುರಿಯಿರಿ ಎಂದು ನಾನು ಹೇಳಲಾರೆ. ಮುಚ್ಚಿದ ಕಾರಿನಲ್ಲಿ ಆ ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ಇರುವೆಗಳೂ ಬರುತ್ತವೆ. ಈ ಕೆಲಸಕ್ಕೆಂದೇ ಶುದ್ಧಿ ಮಾಡಿದ್ದು ಸಿಕ್ಕರೆ ಬಳಸಬಹುದು, ಇಲ್ಲದಿದ್ದರೆ ಮೇಣವೇ ಸರಿ.

ಬಾಗಿಲು ತೆರೆದಿರು­ವಾಗಲೇ ಗ್ಲಾಸ್ ಮೆಷಿನ್ನಿನ ಹಲ್ಲಿಗೆ, ತೋಳಿನ ಚಕ್ರ ಓಡುವ ಚಾನಲ್‌ಗೆ ಗ್ರೀಸು ಹಚ್ಚಿ. ಗ್ಲಾಸು ಮತ್ತು ಕೆಳ ಚಾನಲ್ ನಡುವಿನ ರಬ್ಬರ್ ಪಟ್ಟಿ ಒಣಗಿ ಸಡಿಲವಾಗಿದ್ದರೆ ಈಗಲೇ ಬದಲಿಸಿ. ಗ್ಲಾಸು ತಟ್ಟನೆ ಕೆಳಗೆ ಬೀಳಲು ಹೆಚ್ಚಿನ ಸಲ ಅದೇ ಕಾರಣ. ಮೆಷಿನ್ನಿನ ಸುರುಳಿ ಸ್ಪ್ರಿಂಗನ್ನು ಮಾತ್ರ ಬಿಚ್ಚಲು ಹೋಗಬೇಡಿ, ಅದು ಬಿಗಿಯಲ್ಲಿ ನಿಂತಿರುತ್ತದೆ.

ಹೊಸ ಪ್ಯಾಡ್ ಮಾಡಿಸುವಾಗ

ಹಳೆಯ ಬೋರ್ಡು ಉಳಿಸಲಾರದಷ್ಟು ಹಾಳಾಗಿದ್ದರೆ ಹೊಸದನ್ನು ಕತ್ತರಿಸುವುದು ಕಷ್ಟವಲ್ಲ. ಸೀಟು ಹೊಲಿಯುವ ಕುಶನ್ ಕೆಲಸದವರು ಎಲ್ಲ ಪೇಟೆಗಳಲ್ಲೂ ಇದ್ದಾರೆ. ಹಾರ್ಡ್‌ಬೋರ್ಡಿನ ಬದಲು ತೆಳು ಮರೈನ್ ಪ್ಲೈವುಡ್ ನಮ್ಮ ಹವೆಗೆ ಒಳ್ಳೆಯದು. ಅಂಚಿಗೂ ಕೊರೆದ ತೂತಿಗೂ ವಾರ್ನಿಷ್ ಹಚ್ಚಿಸಬೇಕು, ತೇವ ನುಗ್ಗುವುದು ಅಲ್ಲಿಂದಲೇ.

ದಪ್ಪದ ವಿಷಯದಲ್ಲಿ ರಾಜಿ ಬೇಡ. ಮೂಲ ಬೋರ್ಡು ಸುಮಾರು 3 ಮಿಲಿಮೀಟರ್ ಇದ್ದ ಕಡೆ 6 ಮಿಲಿಮೀಟರ್ ಪ್ಲೈ ಹಾಕಿ, ಮೆತ್ತಗಿರಲಿ ಎಂದು ಮೇಲೆ ದಪ್ಪ ಫೋಮ್ ಕೊಟ್ಟು ಹೊಲಿದರೆ ಪ್ಯಾಡು ನೋಡಲು ಚಂದವೇ. ಆದರೆ ಹ್ಯಾಂಡಲ್ ಕೂರುವ ಕಂಬಿಯ ಉದ್ದ ಹೆಚ್ಚುವುದಿಲ್ಲವಲ್ಲ. ಬಟ್ಟಲು ವಾಷರಿಗೆ ಹಿಂದೆ ಸರಿಯಲು ಜಾಗ ಸಾಲದೆ ಪಿನ್ನಿನ ತೂತುಗಳು ಒಂದಕ್ಕೊಂದು ಎದುರಾಗುವುದಿಲ್ಲ. ಆಗ ಪಿನ್ನನ್ನು ಬಡಿದು ತೂರಿಸುತ್ತಾರೆ, ಹ್ಯಾಂಡಲ್‌ನ ಕುತ್ತಿಗೆ ಸೀಳುತ್ತದೆ. ಮುರಿದ ಹ್ಯಾಂಡಲ್‌ಗೆ ಕಾರಣ ಹುಡುಕಿದರೆ ಕೆಲವೊಮ್ಮೆ ಸಿಗುವುದು ಚಂದದ ಹೊಸ ಪ್ಯಾಡು. ಹೊಲಿಯಲು ಕೊಡುವಾಗ ಹಳೆಯ ಪ್ಯಾಡಿನ ಜೊತೆ ಒಂದು ಹ್ಯಾಂಡಲು, ವಾಷರು, ಸ್ಪ್ರಿಂಗನ್ನೂ ಕೊಟ್ಟು ಅಳತೆ ನೋಡಲು ಹೇಳಬೇಕು. ಸ್ಪೀಕರಿಗೆಂದು ಪ್ಯಾಡಿನಲ್ಲೂ ತಗಡಿನಲ್ಲೂ ವೃತ್ತ ಕತ್ತರಿಸುವುದಕ್ಕೆ ನಾನು ಒಪ್ಪಲಾರೆ. ಕತ್ತರಿಸಿದ ತಗಡನ್ನು ಮರಳಿ ತರುವ ದಾರಿಯಿಲ್ಲ, ಹಾಡು ಕೇಳಲು ಹಿಂದಿನ ಸೀಟಿನ ಬೆನ್ನ ಹಿಂದಿನ ಹಲಗೆ ಇದೆ.

ಮರಳಿ ಜೋಡಿಸುವುದು

ಬಿಚ್ಚಿದ ಕ್ರಮವನ್ನು ಹಿಂದುಮುಂದು ಮಾಡಿದರೆ ಆಯಿತು, ಒಂದೆರಡು ಕಡೆ ಬಿಟ್ಟು. ಪ್ಯಾಡಿನ ಎಲ್ಲ ಕ್ಲಿಪ್ಪುಗಳು ತಂತಮ್ಮ ತೂತಿನ ಎದುರು ನಿಂತಿವೆಯೇ ಎಂದು ನೋಡಿದ ಮೇಲೆಯೇ ಅಂಗೈಯಿಂದ ಗುದ್ದಬೇಕು. ಲಾಳದ ಕ್ಲಿಪ್ಪನ್ನು ಮೊದಲು ಹ್ಯಾಂಡಲ್‌ಗೆ ಸಿಕ್ಕಿಸಿ ಆಮೇಲೆ ಹ್ಯಾಂಡಲನ್ನು ಕಂಬಿಗೆ ಒತ್ತಬೇಕು, ಟಕ್ ಎಂದು ಕೂರುತ್ತದೆ. ಪಿನ್ನಿಗೆ, ಕಂಬಿಗೆ ಸ್ವಲ್ಪ ಗ್ರೀಸು ಸವರಿದರೆ ಮುಂದಿನ ಬೇಸಗೆಯಲ್ಲಿ ಕಷ್ಟವಾಗದು. ಪ್ಯಾಡು ಹಾಕುವ ಮುನ್ನ ಹ್ಯಾಂಡಲ್ ಸುಮ್ಮನೆ ತೂರಿಸಿ ಗ್ಲಾಸನ್ನು ಏರಿಸಿ ಇಳಿಸಿ, ಒಳಗಿನಿಂದಲೂ ಹೊರಗಿನಿಂದಲೂ ಲಾಕು ತೆರೆದು ನೋಡಿ. ಈ ಪರೀಕ್ಷೆ ಆಗುವವರೆಗೆ ಬಾಗಿಲನ್ನು ಮುಚ್ಚಬಾರದು. ಕಂಬಿ ಕಳಚಿದ್ದರೆ ಮುಚ್ಚಿದ ಬಾಗಿಲು ತೆರೆಯುವುದಿಲ್ಲ.

ಹಳೆಯ ಪ್ಯಾಡ್ ಎಸೆಯುವ ಮೊದಲು

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. 1970ರ ದಶಕದ ಮೊದಲ ವರ್ಷಗಳ ಅಂಬಾಸಿಡರ್, ಫಿಯಟ್‌ಗಳು ಈಗ ಈ ವಯಸ್ಸಿಗೆ ಬಂದಿವೆ.

ಡೋರ್ ಪ್ಯಾಡು ಬದಲಾದರೆ ನೋಂದಣಿ ತಪ್ಪುವುದಿಲ್ಲ. ಆದರೂ ಮೂಲ ಪ್ಯಾಡನ್ನು ಗುಜರಿಗೆ ಹಾಕಬೇಡಿ. ಅದರ ಹೊಲಿಗೆಯ ಗೆರೆ, ರೆಕ್ಸಿನ್ನಿನ ಬಣ್ಣ, ಕ್ಲಿಪ್ಪುಗಳ ಅಂತರ ಇವೆಲ್ಲಕ್ಕೂ ಇನ್ನು ಮುಂದೆ ಅದೊಂದೇ ಅಳತೆಗೋಲು. ಅದೇ ಮಾದರಿಯ ಕಾರಿರುವ ಇನ್ನೊಬ್ಬರಿಗೂ ಬೇಕಾದೀತು. ರೆಕ್ಸಿನ್ ಒಳಮುಖವಾಗಿ ಮಡಚದೆ, ಗೋಡೆಗೆ ಆನಿಸದೆ, ಹಳೆಯ ಪತ್ರಿಕೆ ಸುತ್ತಿ ಅಟ್ಟದ ಮೇಲೆ ಚಪ್ಪಟೆಯಾಗಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.